ಕ್ಯಾಮ್‌ಶಾಫ್ಟ್ ಬಿಚ್ಚಿ ಮತ್ತೆ ಕೂರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನ್ನಿನ ಹೆಡ್ ಕವರ್ ತೆಗೆದು ನೋಡಿದರೆ ಎರಡು ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ಒತ್ತಿ ತೆರೆಯುವ ಉಬ್ಬುಗಳಿರುವ ಉದ್ದ ಶಾಫ್ಟ್) ಎಣ್ಣೆ ಮೆತ್ತಿಕೊಂಡು ಮಲಗಿರುತ್ತವೆ. ಮೊದಲ ಸಲ ನೋಡಿದವರಿಗೆ ಇದರಲ್ಲೇನಿದೆ, ಅವನ್ನು ಹಿಡಿದಿರುವ ಹತ್ತು ಕ್ಯಾಪ್ ಬಿಚ್ಚಿ ಎತ್ತಿದರೆ ಆಯಿತಲ್ವಾ ಅನ್ನಿಸುತ್ತದೆ. ಎತ್ತುವುದು ಸುಲಭವೇ. ಆದರೆ ಈ ಕೆಲಸ ಕೂರಿಸುವಾಗ ಕೆಡುವುದು ಕಡಿಮೆ, ಬಿಚ್ಚುವಾಗ ಕೆಡುವುದೇ ಜಾಸ್ತಿ. ಕೆಟ್ಟಿದ್ದು ಗೊತ್ತಾಗುವುದು ಮಾತ್ರ ಕೂರಿಸುವಾಗ. ಹಾಗಾಗಿ ಇಲ್ಲಿ ಬಿಚ್ಚುವ ಭಾಗವನ್ನೇ ಸ್ವಲ್ಪ ಉದ್ದ ಮಾಡಿದ್ದೇನೆ.

ಹೆಡ್ ಮೇಲೆ ಎರಡು ಕ್ಯಾಮ್ ಇರುವ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದು. ನಿಮ್ಮ ಎಂಜಿನ್‌ನ ಮ್ಯಾನುಯಲ್ ಬೇರೆ ಹೇಳಿದರೆ ಅದರ ಮಾತೇ ಕೊನೆ.

ಕ್ಯಾಮ್‌ಶಾಫ್ಟ್ ಬಿಚ್ಚುವ ಪ್ರಸಂಗ ಯಾವಾಗ ಬರುತ್ತದೆ?

ಕ್ಯಾಮ್ ಸವೆದು ಬಿಚ್ಚುವುದು ಅಪರೂಪ. ಬಹಳ ಸಲ ಅದು ದಾರಿಗೆ ಅಡ್ಡ ಇರುತ್ತದೆ ಅಂತ ಬಿಚ್ಚುತ್ತೇವೆ. ವಾಲ್ವ್ ಸೀಲ್ ಬದಲಿಸಬೇಕು, ಟ್ಯಾಪೆಟ್ (ಕ್ಯಾಮ್ ಮತ್ತು ವಾಲ್ವ್ ನಡುವಿನ ಬಟ್ಟಲಿನಂಥ ಭಾಗ) ತೆಗೆಯಬೇಕು, ಶಿಮ್ (ಅಲ್ಲಿನ ಜಾಗ ಹೊಂದಿಸುವ ತೆಳು ಬಿಲ್ಲೆ) ಬದಲಿಸಬೇಕು, ಹೆಡ್ ಬೋಲ್ಟ್ ಕ್ಯಾಮ್ ಕೆಳಗೆ ಅವಿತಿದೆ, ಇಂಥ ಕಾರಣಗಳು. ಕ್ಯಾಮ್‌ನದೇ ತಪ್ಪಾದರೆ ಒಂದೇ ಸಿಲಿಂಡರ್ ಮಿಸ್ ಹೊಡೆಯುವುದು, ಎಂಜಿನ್ ಬಿಸಿಯಾದರೂ ನಿಲ್ಲದ ಟಿಕ್ ಟಿಕ್ ಸದ್ದು, ಎಳೆತ ಕಡಿಮೆಯಾಗುವುದು ಇವೆಲ್ಲ ಕಾಣಿಸುತ್ತವೆ.

ಯಾವ ಸಾಮಾನು ಇರಲೇಬೇಕು?

ಸಾಕೆಟ್ ಸೆಟ್, ಕ್ಯಾಮ್ ಹಿಡಿಯಲು ದೊಡ್ಡ ಸ್ಪ್ಯಾನರ್, ಫೀಲರ್ ಗೇಜ್, ಆಯಸ್ಕಾಂತದ ಕಡ್ಡಿ, ಬಿಳಿ ಪೇಂಟ್ ಮಾರ್ಕರ್, ಕಬ್ಬಿಣದ ತಂತಿ, ನೂಲು ಬಿಡದ ಬಟ್ಟೆ. ನಿಮ್ಮ ಎಂಜಿನ್‌ಗೆ ಕ್ಯಾಮ್ ಲಾಕ್ ಮಾಡುವ ಉಪಕರಣ ಬೇಕು ಅಂತ ಮ್ಯಾನುಯಲ್ ಹೇಳಿದ್ದರೆ ಅದೂ ಬೇಕು. ಕೆಲವು ಎಂಜಿನ್‌ಗಳಲ್ಲಿ ಸ್ಪ್ರಾಕೆಟ್‌ಗೆ (ಕ್ಯಾಮ್ ತುದಿಯ ಹಲ್ಲಿನ ಚಕ್ರ) ಕೀಲಿ ಕೂರುವ ತೋಡು ಇರುವುದೇ ಇಲ್ಲ. ಬೋಲ್ಟ್ ಬಿಗಿಯೊಂದೇ ಅದನ್ನು ಹಿಡಿದಿರುತ್ತದೆ. ಅಲ್ಲಿ ಲಾಕ್ ಇಲ್ಲದೆ ಅಂದಾಜಿನ ಮೇಲೆ ಹೊಂದಿಸಲು ಆಗುವುದಿಲ್ಲ.

ಟಾರ್ಕ್ ರೆಂಚ್ ಬಗ್ಗೆ ಒಂದು ಮಾತು. ಚಕ್ರದ ನಟ್ ಬಿಗಿಯಲು ಇಟ್ಟುಕೊಂಡ ದೊಡ್ಡ ರೆಂಚ್ ಇಲ್ಲಿ ಕೆಲಸಕ್ಕೆ ಬಾರದು. ಕ್ಯಾಪ್ ಬೋಲ್ಟ್‌ಗಳು ಸಾಮಾನ್ಯವಾಗಿ 6 ಎಂಎಂ ದಪ್ಪದವು. ಅವುಗಳ ಬಿಗಿ ಹೆಚ್ಚಾಗಿ 10ರಿಂದ 13 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ. ದೊಡ್ಡ ರೆಂಚ್ 'ಕ್ಲಿಕ್' ಅನ್ನುವಷ್ಟರಲ್ಲಿ ಬೋಲ್ಟ್ ಮುರಿದಿರುತ್ತದೆ, ಇಲ್ಲವೇ ಹೆಡ್‌ನ ತೂತಿನೊಳಗಿನ ಥ್ರೆಡ್ ಕಿತ್ತು ಬಂದಿರುತ್ತದೆ. ಸಣ್ಣ ಅಳತೆಯ ರೆಂಚ್ ಬೇರೆಯೇ ಬೇಕು.

ಬಿಚ್ಚುವ ಮೊದಲು ಏನೇನು ಮಾಡಿಕೊಳ್ಳಬೇಕು?

ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಕ್ರ್ಯಾಂಕ್ (ಪಿಸ್ಟನ್‌ಗಳಿಗೆ ಜೋಡಿಸಿದ ಕೆಳಗಿನ ಶಾಫ್ಟ್) ಕೈಯಲ್ಲಿ ಹಗುರಾಗಿ ತಿರುಗುತ್ತದೆ. ಪ್ಲಗ್ ತೂತುಗಳಿಗೆ ಬಟ್ಟೆ ತುರುಕಿ. ಹೆಡ್ ಕವರ್ ತೆಗೆಯುವ ಮೊದಲೇ ಸುತ್ತಲಿನ ಮಣ್ಣು ಒರೆಸಿ. ಇದು ಸುಮ್ನೆ ನೀಟಾಗಿ ಕಾಣಲಿ ಅಂತ ಹೇಳಿದ್ದಲ್ಲ. ಒಂದು ಕಾಳು ಮರಳು ಕ್ಯಾಮ್ ಬೇರಿಂಗ್‌ಗೆ ಹೋದರೆ ಅಲ್ಯುಮಿನಿಯಂ ಮೇಲೆ ಉದ್ದಕ್ಕೂ ಗೆರೆ ಎಳೆಯುತ್ತದೆ.

ಟ್ಯಾಪೆಟ್ ಹೈಡ್ರಾಲಿಕ್ (ಎಣ್ಣೆಯ ಒತ್ತಡದಲ್ಲಿ ತಾನೇ ಅಳತೆ ಹೊಂದಿಸಿಕೊಳ್ಳುವಂಥದ್ದು) ಅಲ್ಲದಿದ್ದರೆ ವಾಲ್ವ್ ಕ್ಲಿಯರೆನ್ಸ್, ಅಂದರೆ ಕ್ಯಾಮ್ ಮತ್ತು ಟ್ಯಾಪೆಟ್ ನಡುವಿನ ಜಾಗ, ಈಗಲೇ ಅಳೆದು ಬರೆದಿಡಿ. ಇದನ್ನು ಮರೆಯುವವರೇ ಹೆಚ್ಚು. ಕ್ಯಾಮ್ ತೆಗೆದ ಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ. ಲೆಕ್ಕ ಹೀಗೆ: 0.20 ಎಂಎಂ ಇರಬೇಕಾದ ಕಡೆ 0.30 ಬಂತು ಅನ್ನಿ. ಒಳಗಿರುವ ಶಿಮ್ 2.70. ಜಾಗ 0.10 ಜಾಸ್ತಿ ಇರುವುದರಿಂದ ಶಿಮ್ ಅಷ್ಟೇ ದಪ್ಪವಾಗಬೇಕು. 2.80 ಹಾಕಬೇಕು. ಕ್ಯಾಮ್ ಹೊರಗಿರುವಾಗಲೇ ಶಿಮ್ ಬದಲಿಸಿದರೆ ಎರಡನೇ ಸಲ ಬಿಚ್ಚುವುದು ತಪ್ಪುತ್ತದೆ.

ಕೊನೆಗೆ ಫೋಟೋ. ಮೇಲಿನಿಂದ, ಪಕ್ಕದಿಂದ, ಸ್ಪ್ರಾಕೆಟ್ ಮಾರ್ಕುಗಳ ಹತ್ತಿರದಿಂದ. ಹತ್ತಿಪ್ಪತ್ತು ಇರಲಿ.

ಒಂದನೇ ಸಿಲಿಂಡರ್ ಟಿಡಿಸಿಗೆ (ಪಿಸ್ಟನ್ ಪೂರ್ತಿ ಮೇಲೆ ಬಂದ ಸ್ಥಾನ) ತನ್ನಿ ಅಂತಾರೆ. ಪುಲ್ಲಿ ಮಾರ್ಕು ಕೂಡಿದರೆ ಸಾಕಾ?

ಸಾಲದು. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಹಾಗಾಗಿ ಪುಲ್ಲಿ ಮಾರ್ಕು ಎರಡು ಸಲ ಕೂಡುತ್ತದೆ. ಒಂದು ಸಲ ಒಂದನೇ ಸಿಲಿಂಡರ್ ಕಂಪ್ರೆಷನ್‌ನಲ್ಲಿ, ಇನ್ನೊಂದು ಸಲ ಎಕ್ಸಾಸ್ಟ್ ಮುಗಿಯುವ ಹೊತ್ತಿನಲ್ಲಿ. ಪುಲ್ಲಿ ನೋಡಿ ಇದನ್ನು ಹೇಳಲು ಬರುವುದಿಲ್ಲ, ಕ್ಯಾಮ್ ನೋಡಬೇಕು. ಒಂದನೇ ಸಿಲಿಂಡರ್‌ನ ಎರಡೂ ಕ್ಯಾಮ್ ಮೂಗುಗಳು (ವಾಲ್ವ್ ಒತ್ತುವ ಉಬ್ಬುಗಳು) ಟ್ಯಾಪೆಟ್ ಬಿಟ್ಟು ಬೇರೆ ಕಡೆ ಮುಖ ಮಾಡಿರಬೇಕು. ಟ್ಯಾಪೆಟ್ ಮೇಲೆ ಒತ್ತಡ ಇರಬಾರದು. ನಾಲ್ಕನೇ ಸಿಲಿಂಡರ್‌ನಲ್ಲಿ ಎಕ್ಸಾಸ್ಟ್ ಮುಚ್ಚುತ್ತಾ, ಇಂಟೇಕ್ ತೆರೆಯುತ್ತಾ ಇರುವುದು ಕಾಣಿಸುತ್ತದೆ. ಹಾಗಿದ್ದರೆ ಸರಿ. ತಿರುಗುಮುರುಗಾಗಿದ್ದರೆ ಕ್ರ್ಯಾಂಕ್ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ.

ತಿರುಗಿಸುವುದು ಎಂಜಿನ್ ಓಡುವ ದಿಕ್ಕಿಗೇ. ಪುಲ್ಲಿ ಕಡೆಯಿಂದ ನೋಡಿದರೆ ಹೆಚ್ಚಿನ ಎಂಜಿನ್‌ಗಳಲ್ಲಿ ಅದು ಗಡಿಯಾರದ ಮುಳ್ಳಿನ ದಿಕ್ಕು. ಹೋಂಡಾದ ಹಳೆಯ ಎಷ್ಟೋ ಎಂಜಿನ್‌ಗಳು ಉಲ್ಟಾ ತಿರುಗುತ್ತವೆ. ಮಾರ್ಕು ಸ್ವಲ್ಪ ದಾಟಿತು ಅಂತ ಹಿಂದಕ್ಕೆ ಎಳೆಯಬೇಡಿ. ಮತ್ತೆ ಎರಡು ಸುತ್ತು ಹಾಕಿ ಬನ್ನಿ. ಹಿಂದಕ್ಕೆ ಎಳೆದರೆ ಟೆನ್ಷನರ್ (ಬೆಲ್ಟ್ ಅಥವಾ ಚೈನನ್ನು ಬಿಗಿಯಾಗಿ ಇಡುವ ಭಾಗ) ಕಡೆ ಸಡಿಲು ಬಂದು ಬೆಲ್ಟೋ ಚೈನೋ ಹಲ್ಲು ಹಾರಬಹುದು.

ಪಿಸ್ಟನ್‌ಗಳನ್ನು ಅರ್ಧಕ್ಕೆ ಇಳಿಸಿಡಿ ಅಂತಲೂ ಕೇಳಿದ್ದೇನೆ. ಅದು ಯಾಕೆ?

ವಾಲ್ವ್ ಪೂರ್ತಿ ತೆರೆದಾಗ ಪಿಸ್ಟನ್ ಮೇಲಿದ್ದರೆ ಎರಡೂ ಡಿಕ್ಕಿ ಹೊಡೆಯುವಂಥ ಎಂಜಿನ್‌ಗಳಿವೆ. ಈಗಿನ ಕಾರುಗಳಲ್ಲಿ ಹೆಚ್ಚಿನವು ಅಂಥವೇ. ಅವುಗಳಲ್ಲಿ ಕ್ಯಾಮ್ ಒಂದನ್ನೇ ತಿರುಗಿಸಿದರೆ ವಾಲ್ವ್ ಬಾಗಬಹುದು. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಕ್ರ್ಯಾಂಕನ್ನು ಟಿಡಿಸಿಯಿಂದ 90 ಡಿಗ್ರಿ ಸರಿಸಿದರೆ ನಾಲ್ಕೂ ಪಿಸ್ಟನ್ ನಡುಮಟ್ಟಕ್ಕೆ ಬರುತ್ತವೆ. ಆಗ ವಾಲ್ವ್ ಎಷ್ಟು ಇಳಿದರೂ ತಾಗುವುದಿಲ್ಲ.

ಬೆಲ್ಟ್ ಎಂಜಿನ್‌ನಲ್ಲಿ ಬೆಲ್ಟ್ ತೆಗೆದ ಮೇಲೆ ಇದನ್ನು ಮಾಡಬಹುದು. ಕೂರಿಸುವಾಗ ಮೊದಲು ಕ್ಯಾಮ್‌ಗಳನ್ನು ಮಾರ್ಕಿಗೆ ತಂದು, ಆಮೇಲೆ ಕ್ರ್ಯಾಂಕನ್ನು ಹೋದ ದಾರಿಯಲ್ಲೇ ಟಿಡಿಸಿಗೆ ವಾಪಸ್ ತರಬೇಕು. ಚೈನ್ ಎಂಜಿನ್‌ನಲ್ಲಿ ಚೈನನ್ನು ಮೇಲೆ ಕಟ್ಟಿ ನೇತುಹಾಕಿದ್ದರೆ ಮಾತ್ರ ಕ್ರ್ಯಾಂಕ್ ಮುಟ್ಟಬೇಡಿ. ಚೈನ್ ಕೆಳಗೆ ಮಡಚಿಕೊಂಡು ಸಿಕ್ಕಿಬೀಳುತ್ತದೆ.

ಚೈನ್ ಒಳಗೆ ಜಾರದ ಹಾಗೆ ಹೇಗೆ ಹಿಡಿದಿಡುವುದು?

ಮೊದಲು ಚೈನ್‌ನ ಕೊಂಡಿ ಮತ್ತು ಸ್ಪ್ರಾಕೆಟ್ ಹಲ್ಲು ಎರಡರ ಮೇಲೂ ಪೇಂಟ್ ಚುಕ್ಕಿ ಇಡಿ. ಎರಡು ಕ್ಯಾಮ್‌ನ ಚುಕ್ಕಿಗಳ ನಡುವೆ ಎಷ್ಟು ಕೊಂಡಿ ಇವೆ ಅಂತ ಎಣಿಸಿ ಬರೆದಿಡಿ. ಎಣ್ಣೆ ಒರೆಸದೆ ಇಟ್ಟ ಚುಕ್ಕಿ ಸಂಜೆಯೊಳಗೆ ಅಳಿಸಿಹೋಗುತ್ತದೆ, ಬ್ರೇಕ್ ಕ್ಲೀನರ್ ಹಾಕಿ ಒರೆಸಿಯೇ ಇಡಿ.

ಆಮೇಲೆ ಟೆನ್ಷನರ್. ಹಿಂದಕ್ಕೆ ಒತ್ತಿ ಪಿನ್ ಹಾಕುವ ತರಹದ್ದಾದರೆ ಪಿನ್ ಹಾಕಿ. ಹೊರಗಿನಿಂದ ಬಿಚ್ಚುವ ತರಹದ್ದಾದರೆ ಬಿಚ್ಚಿ ತೆಗೆಯಿರಿ. ಟೆನ್ಷನರ್ ಹಾಗೇ ಬಿಟ್ಟು ಕ್ಯಾಮ್ ಎತ್ತಿದರೆ ಅದರ ಕಡ್ಡಿ ಮುಂದಕ್ಕೆ ಚಾಚಿಕೊಂಡು, ಒಳಗಿನ ಹಲ್ಲುಪಟ್ಟಿ ಅದನ್ನು ಅಲ್ಲೇ ಹಿಡಿದುಬಿಡುತ್ತದೆ. ಮತ್ತೆ ಚೈನ್ ಹಾಕಲು ಹೋದರೆ ಒಂದು ಹಲ್ಲಿನಷ್ಟೂ ಸಡಿಲು ಸಿಗುವುದಿಲ್ಲ. 'ಚೈನ್ ಗಿಡ್ಡ ಆಯಿತು' ಅಂತ ತಲೆ ಕೆರೆದುಕೊಳ್ಳುವವರ ಕಥೆ ಸಾಮಾನ್ಯವಾಗಿ ಇದೇ.

ಟೆನ್ಷನರ್ ಸಡಿಲಾದ ಮೇಲೆ ತಂತಿಯಿಂದ ಚೈನ್ ಕಟ್ಟಿ, ಬಾನೆಟ್ ಕೊಕ್ಕೆಗೋ ಹತ್ತಿರದ ಬ್ರಾಕೆಟ್‌ಗೋ ಬಿಗಿಯಾಗಿ ಎಳೆದು ಕಟ್ಟಿ. ಚೈನ್ ಹೋಗುವ ಬಾವಿಗೂ ಬಟ್ಟೆ ತುರುಕಿ. ಅಲ್ಲಿ ಬಿದ್ದ ಬೋಲ್ಟ್ ನೇರ ಎಂಜಿನ್ ತಳದ ಎಣ್ಣೆ ತೊಟ್ಟಿಗೆ (ಸಂಪ್) ಇಳಿಯುತ್ತದೆ.

ಕ್ಯಾಮ್ ಸ್ಪ್ರಾಕೆಟ್ ಬೋಲ್ಟ್ ಬಿಚ್ಚುವಾಗ ಕ್ಯಾಮ್ ತಿರುಗುತ್ತದೆ. ಏನು ಮಾಡಲಿ?

ಹೆಚ್ಚಿನ ಕ್ಯಾಮ್‌ಗಳ ಮೈಮೇಲೆ ಎರಡು ಮೂಗುಗಳ ನಡುವೆ ಆರು ಮೂಲೆಯ ಒಂದು ಭಾಗ ಇರುತ್ತದೆ. ಸ್ಪ್ಯಾನರ್ ಹಾಕಲೆಂದೇ ಅದನ್ನು ಮಾಡಿರುವುದು. ಅಲ್ಲಿ ಹಿಡಿದುಕೊಂಡು ಬೋಲ್ಟ್ ಸಡಿಲಿಸಿ. ಈ ಕೆಲಸ ಕ್ಯಾಪ್ ಬಿಚ್ಚುವ ಮೊದಲೇ, ಚೈನ್ ಇನ್ನೂ ಬಿಗಿ ಇರುವಾಗಲೇ, ಅಂದರೆ ಮೇಲೆ ಹೇಳಿದ ಟೆನ್ಷನರ್ ಸಡಿಲಿಸುವುದಕ್ಕೂ ಮೊದಲೇ ಆಗಬೇಕು. ಲಾಕ್ ಮಾಡುವ ಪಟ್ಟಿಯ ಆಸರೆಯಲ್ಲಿ ಜೋರು ಹಾಕಬೇಡಿ. ಅದಿರುವುದು ಜಾಗ ತೋರಿಸಲು. ಜೋರು ಹಾಕಿದರೆ ಪಟ್ಟಿ ಬಾಗುತ್ತದೆ, ಇಲ್ಲವೇ ಕ್ಯಾಮ್‌ನ ತೋಡು ಒಡೆಯುತ್ತದೆ. ಈ ಬೋಲ್ಟ್ ಒಂದೇ ಸಲ ಬಳಸುವಂಥದ್ದು ಅಂತ ಎಷ್ಟೋ ಮ್ಯಾನುಯಲ್‌ಗಳು ಹೇಳುತ್ತವೆ. ಹೇಳಿದ್ದರೆ ಹೊಸದೇ ಹಾಕಿ.

ಬೇರಿಂಗ್ ಕ್ಯಾಪ್‌ಗಳನ್ನು ಯಾವ ಕ್ರಮದಲ್ಲಿ ಬಿಚ್ಚಬೇಕು?

ಇಡೀ ಕೆಲಸದ ಜೀವ ಇಲ್ಲಿದೆ. ಎಂಜಿನ್ ಯಾವ ಸ್ಥಾನದಲ್ಲಿದ್ದರೂ ಒಂದೆರಡು ವಾಲ್ವ್ ತೆರೆದೇ ಇರುತ್ತವೆ. ಅವುಗಳ ಸ್ಪ್ರಿಂಗ್ ಕ್ಯಾಮನ್ನು ಕೆಳಗಿನಿಂದ ಮೇಲಕ್ಕೆ ನೂಕುತ್ತಲೇ ಇರುತ್ತದೆ. ಒಂದು ತುದಿಯ ಕ್ಯಾಪ್ ಪೂರ್ತಿ ಬಿಚ್ಚಿ, ಇನ್ನೊಂದು ತುದಿ ಬಿಗಿಯಾಗಿಯೇ ಬಿಟ್ಟರೆ ಶಾಫ್ಟ್ ಬಿಲ್ಲಿನ ಹಾಗೆ ಬಾಗುತ್ತದೆ. ಎರಕದ ಕಬ್ಬಿಣದ ಕ್ಯಾಮ್ ಬಾಗುವುದಕ್ಕಿಂತ ಮೊದಲು ಮುರಿಯುತ್ತದೆ. ಅದು ಮುರಿಯದಿದ್ದರೆ ಉಳಿದ ಕ್ಯಾಪ್ ಸೀಳುತ್ತದೆ.

ಸಾಮಾನ್ಯ ಕ್ರಮ ಎರಡು ತುದಿಗಳಿಂದ ನಡುವಿನ ಕಡೆಗೆ. ಒಂದೊಂದು ಬೋಲ್ಟನ್ನೂ ಕಾಲು ಸುತ್ತು, ಹೆಚ್ಚೆಂದರೆ ಅರ್ಧ ಸುತ್ತು ಮಾತ್ರ. ಎಲ್ಲಾ ಬೋಲ್ಟ್‌ಗಳಿಗೂ ಹೀಗೆ ಒಂದೊಂದು ಸಲ ಮಾಡಿ ಮುಗಿಸಿ ಮತ್ತೆ ಮೊದಲಿನಿಂದ ಶುರು. ಮೊದಲ ಸುತ್ತಿನಲ್ಲಿ ಬೋಲ್ಟ್‌ಗಳು 'ಟಕ್' ಅಂತ ಬಿಡುತ್ತವೆ. ಎರಡನೇ ಸುತ್ತಿಗೆ ಕ್ಯಾಪ್ ಮತ್ತು ಹೆಡ್ ನಡುವಿನ ಗೆರೆಯಲ್ಲಿ ಎಣ್ಣೆ ಜಿನುಗುವುದು ಕಾಣುತ್ತದೆ. ಟಾರ್ಚ್ ಹಿಡಿದು ಆ ಗೆರೆ ನೋಡಿ. ತಲೆಗೂದಲಿನಷ್ಟು ಬಿಟ್ಟುಕೊಂಡಿರುತ್ತದೆ. ಅದು ಎಲ್ಲಾ ಕ್ಯಾಪ್‌ಗಳಲ್ಲೂ ಒಂದೇ ಸಮ ಇದ್ದರೆ ಶಾಫ್ಟ್ ಮಟ್ಟಸವಾಗಿ ಏಳುತ್ತಿದೆ ಅಂತ ಅರ್ಥ. ನಾಲ್ಕೈದು ಸುತ್ತಾದ ಮೇಲೆ ಬೋಲ್ಟ್‌ಗಳು ಬೆರಳಿಗೇ ಬರುತ್ತವೆ. ಅಲ್ಲಿಗೆ ಸ್ಪ್ರಿಂಗ್ ಒತ್ತಡ ಮುಗಿದ ಹಾಗೆ.

ಪಕ್ಕದ ಬೋಲ್ಟ್‌ಗಳೆಲ್ಲ ಹಗುರಾಗಿ, ಒಂದೇ ಒಂದು ಗಟ್ಟಿಯಾಗಿ ಕೂತಿದ್ದರೆ ಅಲ್ಲಿಗೆ ನಿಲ್ಲಿಸಿ. ಇಡೀ ಕ್ಯಾಮ್‌ನ ಭಾರ ಆ ಬೋಲ್ಟ್ ಮೇಲಿದೆ. ಪಕ್ಕದವನ್ನು ಮತ್ತೆ ಬಿಗಿದು, ಶಾಫ್ಟ್ ಮಟ್ಟಕ್ಕೆ ತಂದು, ಹೊಸದಾಗಿ ಶುರು ಮಾಡಿ. ಅರ್ಧ ಗಂಟೆ ಹೋದರೆ ಹೋಗಲಿ.

ಬಿಎಂಡಬ್ಲ್ಯುನ ಎಂ50, ಎಂ52 ತರಹದ ಆರು ಸಿಲಿಂಡರ್ ಎಂಜಿನ್‌ಗಳಿಗೆ ಕ್ಯಾಮನ್ನು ಮೇಲಿನಿಂದ ಒತ್ತಿ ಹಿಡಿಯುವ ಒಂದು ಚೌಕಟ್ಟನ್ನೇ ಮಾಡಿದ್ದಾರೆ. ಉದ್ದ ಕ್ಯಾಮ್ ಬೇಗ ಮುರಿಯುತ್ತದೆ ಅನ್ನುವ ಭಯಕ್ಕೆ. ಹೋಂಡಾದ ಹಳೆಯ ಒಂಟಿ ಕ್ಯಾಮ್ ಎಂಜಿನ್‌ಗಳಲ್ಲಿ ಬೋಲ್ಟ್ ಸಡಿಲಿಸಿದ ಮೇಲೂ ತೂತಿನಲ್ಲೇ ಬಿಟ್ಟು, ರಾಕರ್ ಜೋಡಣೆಯನ್ನು ಒಟ್ಟಾಗಿ ಎತ್ತಬೇಕು. ಬೋಲ್ಟ್ ಎಳೆದರೆ ರಾಕರ್, ಸ್ಪ್ರಿಂಗ್ ಎಲ್ಲಾ ಮಣಿಸರ ಕಿತ್ತ ಹಾಗೆ ಉದುರುತ್ತವೆ.

ಕ್ಯಾಪ್‌ಗಳು ಅದಲು ಬದಲಾದರೆ ಏನಾಗುತ್ತದೆ? ನೋಡಲು ಎಲ್ಲಾ ಒಂದೇ ತರಹ ಇವೆ.

ನೋಡಲು ಮಾತ್ರ. ಕ್ಯಾಪ್‌ಗಳನ್ನು ಹೆಡ್‌ಗೆ ಬಿಗಿದ ಮೇಲೆಯೇ ಬೇರಿಂಗ್ ತೂತುಗಳನ್ನು ಒಂದೇ ಸಾಲಿನಲ್ಲಿ ಕೊರೆದಿರುತ್ತಾರೆ. ಹಾಗಾಗಿ ಪ್ರತಿ ಕ್ಯಾಪ್ ತನ್ನ ಜಾಗಕ್ಕೆ, ತನ್ನ ದಿಕ್ಕಿಗೆ ಮಾತ್ರ ಸರಿ. ಹೆಚ್ಚಿನ ಹೆಡ್‌ಗಳಲ್ಲಿ ಇಲ್ಲಿ ಬೇರೆ ಬೇರಿಂಗ್ ಚಿಪ್ಪು ಇರುವುದಿಲ್ಲ, ಅಲ್ಯುಮಿನಿಯಮ್ಮೇ ಬೇರಿಂಗ್. ಒಂದು ಕ್ಯಾಪ್ ಒಡೆದರೆ ಬಿಡಿಯಾಗಿ ತಂದು ಹಾಕುವಂತಿಲ್ಲ. ಇಡೀ ಹೆಡ್ ಲೆಕ್ಕಕ್ಕೆ ಬರುತ್ತದೆ.

ಕ್ಯಾಪ್ ಮೇಲೆ ಇಂಟೇಕಾ ಎಕ್ಸಾಸ್ಟಾ ಅನ್ನುವ ಅಕ್ಷರ, ನಂಬರು, ಬಾಣದ ಗುರುತು ಇರುತ್ತವೆ. ಬಾಣ ಸಾಮಾನ್ಯವಾಗಿ ಚೈನ್ ಅಥವಾ ಬೆಲ್ಟ್ ಕಡೆ ತೋರಿಸುತ್ತದೆ. ಗುರುತು ಇಲ್ಲದಿದ್ದರೆ ಮಾರ್ಕರ್‌ನಲ್ಲಿ ನೀವೇ ಬರೆಯಿರಿ. ರಟ್ಟಿನ ಮೇಲೆ ಹೆಡ್‌ನ ಚಿತ್ರ ಬರೆದು, ಬೋಲ್ಟ್ ಸಮೇತ ಅದೇ ಜಾಗದಲ್ಲಿ ಚುಚ್ಚಿಟ್ಟರೆ ಇನ್ನೂ ಒಳ್ಳೆಯದು.

ನನ್ನದೇ ಒಂದು ಅನುಭವ ಹೇಳಿಬಿಡುತ್ತೇನೆ. ಸಂಜೆ ಕತ್ತಲಾಗುತ್ತಿತ್ತು, ಬಾಣ ನೋಡದೆ ಮೂರನೇ ಕ್ಯಾಪನ್ನು ಹಿಂದುಮುಂದಾಗಿ ಹಾಕಿದ್ದೆ. ಬಿಗಿಯೆಲ್ಲ ಸರಿಯಾಗಿ ಕೂತಿತು. ಸ್ಪ್ಯಾನರ್ ಹಾಕಿ ಕ್ಯಾಮ್ ಸ್ವಲ್ಪ ಅಲ್ಲಾಡಿಸಿ ನೋಡಿದರೆ ಅಂಟಿನಲ್ಲಿ ಸಿಕ್ಕ ಹಾಗೆ ಬಿಗಿ. ಬಿಚ್ಚಿದಾಗ ಕ್ಯಾಪ್‌ನ ಒಂದು ಅಂಚಿನಲ್ಲಿ ಉಗುರಿನಷ್ಟು ಅಗಲ ಹೊಸ ಹೊಳಪು. ಎಂಜಿನ್ ಶುರು ಮಾಡಿದ್ದರೆ ಆ ಬೇರಿಂಗ್ ಮುಗಿದೇ ಹೋಗುತ್ತಿತ್ತು. ಅಂದಿನಿಂದ ಪ್ರತಿ ಕ್ಯಾಪ್ ಇಡುವಾಗ ನಂಬರನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ. ಪಕ್ಕದಲ್ಲಿದ್ದವರು ನಕ್ಕರೂ ಪರವಾಗಿಲ್ಲ.

ಟ್ಯಾಪೆಟ್‌ಗಳನ್ನು ಹೇಗೆ ಇಡಬೇಕು?

ತೆಗೆದ ಕ್ರಮದಲ್ಲೇ. ಪ್ರತಿ ಟ್ಯಾಪೆಟ್ ತನ್ನ ಮೇಲಿನ ಕ್ಯಾಮ್ ಮೂಗಿನ ಜೊತೆ, ತನ್ನ ತೂತಿನ ಜೊತೆ ಸವೆದು ಹೊಂದಿಕೊಂಡಿರುತ್ತದೆ. ಹದಿನಾರು ಮನೆಯ ಡಬ್ಬಿ ಇದ್ದರೆ ಚೆನ್ನ. ಇಲ್ಲದಿದ್ದರೆ ಮೊಟ್ಟೆಯ ಟ್ರೇ ಸಾಕು. ಹೈಡ್ರಾಲಿಕ್ ಟ್ಯಾಪೆಟ್‌ಗಳನ್ನು ಎಂಜಿನ್‌ನಲ್ಲಿ ಹೇಗೆ ನಿಂತಿದ್ದವೋ ಹಾಗೇ ನಿಲ್ಲಿಸಿಡಿ, ಬಹಳ ಹೊತ್ತಾಗುವುದಾದರೆ ಶುದ್ಧ ಎಂಜಿನ್ ಆಯಿಲ್‌ನಲ್ಲಿ ಮುಳುಗಿಸಿಡಿ. ಅಡ್ಡ ಮಲಗಿಸಿದರೆ ಒಳಗಿನ ಎಣ್ಣೆ ಸೋರಿ ಗಾಳಿ ಸೇರುತ್ತದೆ.

ಒಂದು ಕ್ಯಾಮ್ ಇನ್ನೊಂದನ್ನು ಗೇರಿನಿಂದ ತಿರುಗಿಸುವ ಎಂಜಿನ್ ನನ್ನದು. ಬೇರೆ ಏನಾದರೂ ಜೋಪಾನ?

ಟೊಯೋಟಾದ 4ಎ-ಎಫ್‌ಇ ತರಹದ ಎಂಜಿನ್‌ಗಳಲ್ಲಿ ಇದಿದೆ. ಗೇರ್ ಸದ್ದು ಬರದಿರಲಿ ಅಂತ ಒಂದು ಗೇರ್‌ನ ಬೆನ್ನಿಗೆ ಇನ್ನೊಂದು ತೆಳು ಗೇರನ್ನು ಸ್ಪ್ರಿಂಗ್ ಹಾಕಿ ಜೋಡಿಸಿರುತ್ತಾರೆ. ಇದಕ್ಕೆ ಕತ್ತರಿ ಗೇರ್ ಅನ್ನುತ್ತಾರೆ. ಕ್ಯಾಮ್ ಎತ್ತುವ ಮೊದಲು ಈ ಎರಡೂ ಗೇರ್ ಅಲುಗದ ಹಾಗೆ 6 ಎಂಎಂ ಬೋಲ್ಟ್ ಒಂದನ್ನು ಅದರ ತೂತಿಗೆ ಹಾಕಿ ಹಿಡಿಸಬೇಕು. ಮರೆತರೆ ಕ್ಯಾಮ್ ಎದ್ದ ಕೂಡಲೇ ತೆಳು ಗೇರ್ ಪಕ್ಕಕ್ಕೆ ಜಾರುತ್ತದೆ, ಹಲ್ಲು ಕೂಡುವುದಿಲ್ಲ. ಕೂರಿಸಿ ಮುಗಿದ ಮೇಲೆ ಆ ಬೋಲ್ಟ್ ತೆಗೆಯಬೇಕು ಅನ್ನುವುದೂ ನೆನಪಿರಲಿ.

ವಿವಿಟಿ (ಎಂಜಿನ್ ಓಡುವಾಗಲೇ ವಾಲ್ವ್ ತೆರೆಯುವ ಹೊತ್ತು ಬದಲಿಸುವ ವ್ಯವಸ್ಥೆ) ಇರುವ ಸ್ಪ್ರಾಕೆಟ್ ಬಿಚ್ಚಿ ತೊಳೆಯಬಹುದಾ?

ಒಟ್ಟಾಗಿ ಕ್ಯಾಮ್‌ನಿಂದ ತೆಗೆಯಬಹುದು, ಒಳಗೆ ಬಿಚ್ಚಬೇಡಿ. ಎಂಜಿನ್ ನಿಂತಾಗ ಒಳಗಿನ ಒಂದು ಸಣ್ಣ ಪಿನ್ ಅದನ್ನು ಒಂದು ತುದಿಯಲ್ಲಿ ಲಾಕ್ ಮಾಡಿರುತ್ತದೆ. ಇಂಟೇಕ್ ಕಡೆ ಹೆಚ್ಚಾಗಿ ಅದು ಪೂರ್ತಿ ತಡವಾದ ಸ್ಥಾನ. ಹೊಂದಿಸುವ ಮೊದಲು ಕೈಯಲ್ಲಿ ತಿರುವಿ ನೋಡಿ. ಲಾಕ್ ಆಗಿದ್ದರೆ ಅಲ್ಲಾಡುವುದಿಲ್ಲ. ಲಾಕ್ ಬಿಟ್ಟಿದ್ದನ್ನು ಹಾಗೇ ಹಾಕಿದರೆ ಮಾರ್ಕು ಕೂಡಿದರೂ ಟೈಮಿಂಗ್ ತಪ್ಪು. ಎಣ್ಣೆ ಕವಾಟದ ಮುಂದೆ ಸಣ್ಣ ಜಾಲರಿ ಇದ್ದರೆ ಅದನ್ನು ತೊಳೆಯಿರಿ, ಕೆಸರು ಅಲ್ಲೇ ಕಟ್ಟುವುದು.

ಹೊರಗೆ ಬಂದ ಕ್ಯಾಮ್‌ನಲ್ಲಿ ಏನು ನೋಡಬೇಕು?

ಮೊದಲು ಉಗುರು. ಮೂಗಿನ ಮೇಲೆ ಅಡ್ಡಲಾಗಿ ಉಗುರು ಎಳೆಯಿರಿ. ಸಿಕ್ಕಿಕೊಂಡರೆ, ಗುಳಿ ಬಿದ್ದಿದ್ದರೆ, ಪದರ ಎದ್ದಿದ್ದರೆ ಆ ಕ್ಯಾಮ್ ವಾಪಸ್ ಹಾಕಬೇಡಿ, ಅದರ ಎದುರಿನ ಟ್ಯಾಪೆಟ್ಟೂ ಹೋದ ಹಾಗೆ. ಬರೀ ಹೊಳಪು, ತೆಳುವಾದ ಗೆರೆ ಇದ್ದರೆ ಚಿಂತೆ ಇಲ್ಲ.

ಆಮೇಲೆ ಮೈಕ್ರೋಮೀಟರ್. ಪ್ರತಿ ಮೂಗಿನ ಎತ್ತರ ಅಳೆದು ಸಾಲಾಗಿ ಬರೆಯಿರಿ. ಎಲ್ಲಾ ಇಂಟೇಕ್ ಮೂಗುಗಳು ಒಂದೇ ಸಮ ಇದ್ದು ಒಂದು ಮಾತ್ರ 0.2 ಎಂಎಂ ಗಿಡ್ಡ ಇದ್ದರೆ ಮಿಸ್ ಹೊಡೆಯುವ ಸಿಲಿಂಡರ್ ಯಾವುದು ಅಂತ ಬೇರೆ ಹುಡುಕಬೇಕಿಲ್ಲ. ಶಾಫ್ಟ್ ಬಾಗಿದೆಯಾ ನೋಡಲು ವಿ-ಬ್ಲಾಕ್ ಮೇಲಿಟ್ಟು ನಡುವೆ ಡಯಲ್ ಗೇಜ್ ಹಿಡಿದು ತಿರುಗಿಸಬೇಕು. ಇಲ್ಲಿ ಮಿತಿ ಎಂಎಂನ ನೂರನೇ ಭಾಗಗಳಲ್ಲಿ ಇರುತ್ತದೆ. ಕಣ್ಣಿಗೆ ನೆಟ್ಟಗೆ ಕಂಡರೆ ಸಾಲದು.

ಹೆಡ್ ಕಡೆಯೂ ನೋಡಿ. ಬೇರಿಂಗ್‌ಗೆ ಎಣ್ಣೆ ಬರುವ ಸಣ್ಣ ತೂತುಗಳಲ್ಲಿ ಕೆಸರು ಇದ್ದರೆ ಸವೆತದ ಮೂಲ ಅಲ್ಲೇ ಇದೆ. ಅದನ್ನು ಬಿಡಿಸದೆ ಹೊಸ ಕ್ಯಾಮ್ ಹಾಕಿದರೆ ಅದೂ ಸವೆಯುತ್ತದೆ.

ಇನ್ನು ಕೂರಿಸುವುದು. ಎಲ್ಲಿಂದ ಶುರು?

ಬೋಲ್ಟ್ ತೂತುಗಳಿಂದ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟ್ ಇಳಿಯುವಾಗ ಆ ಎಣ್ಣೆಗೆ ಹೋಗಲು ಜಾಗ ಇರುವುದಿಲ್ಲ. ಅಲ್ಯುಮಿನಿಯಂ ಬಿರುಕು ಬಿಡುತ್ತದೆ, ಅಥವಾ ಬಿಗಿ ಸುಳ್ಳು ತೋರಿಸುತ್ತದೆ. ಬಟ್ಟೆಯ ಬತ್ತಿ ಇಳಿಸಿ ಎಣ್ಣೆ ಹೀರಿಸಿ.

ಆಮೇಲೆ ಟ್ಯಾಪೆಟ್‌ಗಳನ್ನು ಎಣ್ಣೆ ಹಚ್ಚಿ ಅವವುಗಳ ತೂತಿಗೆ ಇಳಿಸಿ. ತನ್ನ ಭಾರಕ್ಕೇ ಇಳಿದು, ಬೆರಳಲ್ಲಿ ತಿರುಗಬೇಕು. ಬೇರಿಂಗ್‌ಗಳಿಗೆ ಎಂಜಿನ್ ಆಯಿಲ್, ಮೂಗುಗಳಿಗೆ ಅಸೆಂಬ್ಲಿ ಲೂಬ್ರಿಕೆಂಟ್ ಧಾರಾಳವಾಗಿ ಹಚ್ಚಿ. ಎಂಜಿನ್ ಶುರುವಾದ ಮೊದಲ ಕೆಲವು ಸೆಕೆಂಡು ಮೂಗುಗಳಿಗೆ ಇದೇ ಗತಿ.

ಇಂಟೇಕ್ ಯಾವುದು, ಎಕ್ಸಾಸ್ಟ್ ಯಾವುದು ಅಂತ ಮತ್ತೊಮ್ಮೆ ನೋಡಿ. ಸೆನ್ಸರ್ ಓದುವ ಚಕ್ರ, ವ್ಯಾಕ್ಯೂಮ್ ಪಂಪ್ ತಿರುಗಿಸುವ ತೋಡು ಎಲ್ಲಿದೆ ಅನ್ನುವುದರಿಂದ ಗೊತ್ತಾಗುತ್ತದೆ. ಒಂದನೇ ಸಿಲಿಂಡರ್‌ನ ಮೂಗುಗಳು ಬಿಚ್ಚುವಾಗ ಎತ್ತ ನೋಡುತ್ತಿದ್ದವೋ ಅತ್ತಲೇ ಇರುವ ಹಾಗೆ ಕ್ಯಾಮ್ ಮಲಗಿಸಿ. ಆಗ ತೆಗೆದಿಟ್ಟ ಫೋಟೋ ನೋಡಿ, ಈಗ ಉಪಯೋಗಕ್ಕೆ ಬರುತ್ತದೆ.

ಕ್ಯಾಪ್ ಇಟ್ಟು ಬೋಲ್ಟ್‌ಗಳನ್ನು ಮೊದಲು ಬೆರಳಲ್ಲೇ ಇಳಿಸಿ. ಬಿಗಿಯುವುದು ನಡುವಿನಿಂದ ತುದಿಗಳ ಕಡೆಗೆ, ಮತ್ತೆ ಕಾಲು ಅರ್ಧ ಸುತ್ತುಗಳಲ್ಲಿ. ಕ್ಯಾಪ್ ಹೆಡ್‌ಗೆ ತಾಗುವವರೆಗೆ ಟಾರ್ಕ್ ರೆಂಚ್ ಬೇಡ, ಸಣ್ಣ ಹಿಡಿಯ ರ‍್ಯಾಚೆಟ್ ಸಾಕು. ಎಲ್ಲಾ ಕೂತ ಮೇಲೆ ಟಾರ್ಕ್. ಹಾಂ, ಸ್ಪ್ರಿಂಗ್ ಒತ್ತಡಕ್ಕೆ ಎದ್ದಿರುವ ಕ್ಯಾಪನ್ನು ಸುತ್ತಿಗೆಯಿಂದ ಬಡಿದು ಕೂರಿಸಲು ಹೋಗಬೇಡಿ. ಜಾಗಕ್ಕೆ ಹೊಂದಲು ಪ್ಲಾಸ್ಟಿಕ್ ಸುತ್ತಿಗೆಯ ಹಗುರ ತಟ್ಟು ಸರಿ, ಅಷ್ಟೇ.

ಸೀಲು, ಸೀಲೆಂಟ್?

ಕ್ಯಾಮ್‌ನ ತುದಿಯ ಎಣ್ಣೆ ಸೀಲ್ ಹೊಸದೇ ಹಾಕಿ. ತುದಿಯ ಕ್ಯಾಪ್ ಕೆಳಗೆ ಸೀಲೆಂಟ್ ಬೇಕು ಅಂತಿದ್ದರೆ ತೆಳು ಲೇಪ ಸಾಕು. ಜಾಸ್ತಿ ಹಚ್ಚಿದ್ದು ಹೊರಗೆ ಎಷ್ಟು ಕಾಣುತ್ತದೋ ಒಳಗೂ ಅಷ್ಟೇ ಹಿಂಡಿಕೊಂಡಿರುತ್ತದೆ, ಎಣ್ಣೆ ದಾರಿ ಮುಚ್ಚುತ್ತದೆ. ಅರ್ಧ ಚಂದ್ರದ ರಬ್ಬರ್ ಬಿರಡೆ ಇದ್ದರೆ ಅದರ ಮೂಲೆಗಳಿಗೆ ಒಂದೊಂದು ಚುಕ್ಕಿ.

ಒಂದು ಹಲ್ಲು ಆಚೀಚೆ ಆದರೆ ನಡೆಯುತ್ತದಾ?

ಲೆಕ್ಕ ಹಾಕಿ ನೋಡಿ. ಕ್ಯಾಮ್ ಸ್ಪ್ರಾಕೆಟ್‌ಗೆ 40 ಹಲ್ಲು ಇದ್ದರೆ ಒಂದು ಹಲ್ಲು ಅಂದರೆ ಕ್ಯಾಮ್‌ನ 9 ಡಿಗ್ರಿ. ಕ್ರ್ಯಾಂಕ್ ಲೆಕ್ಕದಲ್ಲಿ ಅದು 18 ಡಿಗ್ರಿ. ಒಂದು ಹಲ್ಲಿಗೆ ಎಂಜಿನ್ ಸಾಮಾನ್ಯವಾಗಿ ಶುರುವಾಗುತ್ತದೆ, ಆದರೆ ಐಡ್ಲಿಂಗ್ ಒಂದೇ ಸಮ ಇರುವುದಿಲ್ಲ, ಎಳೆತ ಇರುವುದಿಲ್ಲ. ಎಂಜಿನ್ ಕಂಪ್ಯೂಟರ್‌ನಲ್ಲಿ ಪಿ0016 ಅನ್ನುವ ದೋಷದ ಕೋಡ್ ಬರಬಹುದು. ಕ್ರ್ಯಾಂಕ್ ಮತ್ತು ಕ್ಯಾಮ್ ಹೊಂದುತ್ತಿಲ್ಲ ಅಂತ ಅದರ ಅರ್ಥ. ಎರಡು ಮೂರು ಹಲ್ಲಾದರೆ ವಾಲ್ವ್ ಪಿಸ್ಟನ್‌ಗೆ ಬಡಿಯುವ ಎಂಜಿನ್‌ಗಳೂ ಇವೆ. ಕೋಡ್ ಪಿ0340 ಬಂದರೆ ಮೊದಲು ಕ್ಯಾಮ್ ಸೆನ್ಸರ್‌ನ ಸಾಕೆಟ್ ನೋಡಿ. ಅದನ್ನು ಸಿಕ್ಕಿಸಲು ಮರೆತಿರುವುದೇ ಬಹಳ ಸಲ ಕಾರಣ.

ಬೆಲ್ಟ್ ಚೆನ್ನಾಗಿಯೇ ಇದೆ. ಅದನ್ನೇ ವಾಪಸ್ ಹಾಕಲಾ?

ಎಣ್ಣೆ ತಾಗಿದ್ದರೆ ಖಂಡಿತ ಬೇಡ. ತಾಗದಿದ್ದರೂ ನಾನು ಹೊಸದು ಹಾಕುತ್ತೇನೆ, ಟೆನ್ಷನರ್ ಸಮೇತ. ಇಷ್ಟೆಲ್ಲ ಬಿಚ್ಚಿಯಾಗಿದೆ.

ಸ್ಟಾರ್ಟ್ ಮಾಡುವ ಮೊದಲು?

ಟೆನ್ಷನರ್ ಪಿನ್ ತೆಗೆಯಿರಿ. ಕ್ರ್ಯಾಂಕನ್ನು ಕೈಯಲ್ಲಿ, ಉದ್ದ ಹಿಡಿಯ ಸ್ಪ್ಯಾನರ್‌ನಿಂದ, ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಜೋರು ಹಾಕಬೇಡಿ. ವಾಲ್ವ್ ಪಿಸ್ಟನ್‌ಗೆ ತಾಗಿದ್ದಿರಬಹುದು. ಕೈಯಲ್ಲಿ ನಿಧಾನವಾಗಿ ತಿರುಗಿಸುವಾಗ ತಾಗಿ ಅಲ್ಲೇ ನಿಲ್ಲಿಸಿದರೆ ಸಾಮಾನ್ಯವಾಗಿ ಏನೂ ಕೆಡುವುದಿಲ್ಲ, ಸ್ಟಾರ್ಟರ್ ಕೈಗೆ ಕೊಟ್ಟರೆ ಬಾಗುತ್ತದೆ. ಎರಡು ಸುತ್ತಿನ ನಂತರ ಕ್ರ್ಯಾಂಕ್ ಮಾರ್ಕು, ಎರಡೂ ಕ್ಯಾಮ್ ಮಾರ್ಕು ಮತ್ತೆ ಕೂಡಬೇಕು.

ಹೈಡ್ರಾಲಿಕ್ ಟ್ಯಾಪೆಟ್ ಇದ್ದರೆ ಈ ಸುತ್ತುಗಳಿಗೆ ಮೊದಲೇ ಅರ್ಧ ಗಂಟೆ ಬಿಡಿ. ಕ್ಯಾಮ್ ಇಲ್ಲದ ಹೊತ್ತಿನಲ್ಲಿ ಅವು ಉದ್ದವಾಗಿರುತ್ತವೆ, ಕ್ಯಾಮ್ ಬಿಗಿದಾಗ ವಾಲ್ವನ್ನು ತೆರೆದು ಹಿಡಿಯಬಹುದು. ಒಳಗಿನ ಎಣ್ಣೆ ನಿಧಾನವಾಗಿ ಸೋರಿ ಅವು ತಮ್ಮ ಅಳತೆಗೆ ಇಳಿಯಬೇಕು. ಕಾಯದೆ ತಿರುಗಿಸಿದವರಿಗೆ ಬಾಗಿದ ವಾಲ್ವ್ ಸಿಕ್ಕಿದೆ.

ಚೈನ್‌ನ ಬಣ್ಣದ ಕೊಂಡಿಗಳು ಎರಡು ಸುತ್ತಿನ ಮೇಲೆ ಮಾರ್ಕಿಗೆ ಬರುತ್ತಿಲ್ಲ! ತಪ್ಪಾಯಿತಾ?

ಗಾಬರಿ ಬೇಡ. ಚೈನ್‌ನಲ್ಲಿರುವ ಕೊಂಡಿಗಳ ಸಂಖ್ಯೆಗೂ ಸ್ಪ್ರಾಕೆಟ್ ಹಲ್ಲುಗಳ ಸಂಖ್ಯೆಗೂ ನೇರ ಲೆಕ್ಕ ಇರುವುದಿಲ್ಲ. ಬಣ್ಣದ ಕೊಂಡಿ ಮತ್ತೆ ಅದೇ ಹಲ್ಲಿಗೆ ಬರಲು ಬಹಳ ಸುತ್ತು ಬೇಕು. ಅದು ಹಾಕುವಾಗ ನೋಡುವುದಕ್ಕೆ ಮಾತ್ರ. ಈಗ ಸ್ಪ್ರಾಕೆಟ್ ಮಾರ್ಕು ಸರಿ ಇದ್ದರೆ ಟೈಮಿಂಗ್ ಸರಿ.

ಮೊದಲ ಸ್ಟಾರ್ಟ್ ಹೇಗೆ? ಟಿಕ್ ಟಿಕ್ ಬರುತ್ತಿದೆ, ಬಿಡಲಾ?

ಪೆಟ್ರೋಲ್ ಪಂಪ್‌ನ ಫ್ಯೂಸ್ ತೆಗೆದು, ಆಯಿಲ್ ದೀಪ ಆರುವವರೆಗೆ ಬಿಟ್ಟು ಬಿಟ್ಟು ಸ್ಟಾರ್ಟರ್ ಹೊಡೆಯಿರಿ. ಎಣ್ಣೆ ಮೇಲೆ ಬಂದ ಮೇಲೆ ಫ್ಯೂಸ್ ಹಾಕಿ. ಹೈಡ್ರಾಲಿಕ್ ಟ್ಯಾಪೆಟ್‌ಗಳಲ್ಲಿ ಗಾಳಿ ಇದ್ದರೆ ಮೊದಲ ಕೆಲವು ನಿಮಿಷ ಸದ್ದು ಬಂದೇ ಬರುತ್ತದೆ. ಎಂಜಿನ್ ಸ್ವಲ್ಪ ಬೆಚ್ಚಗಾದ ಮೇಲೆ ನಿಮಿಷಕ್ಕೆ 2,500 ಸುತ್ತಿನ ಹತ್ತಿರ ಕೆಲವು ನಿಮಿಷ ಹಿಡಿದರೆ ಹೆಚ್ಚಾಗಿ ಹೋಗುತ್ತದೆ. ಸದ್ದು ಲೋಹ ಬಡಿದ ಹಾಗೆ ಇದ್ದರೆ, ಅಥವಾ ಆಯಿಲ್ ದೀಪ ಆರದಿದ್ದರೆ ಕೂಡಲೇ ಬಂದ್ ಮಾಡಿ.

ಕ್ಯಾಮ್ ಬ್ಲಾಕ್‌ನಲ್ಲಿರುವ ಹಳೆಯ ಪುಶ್‌ರಾಡ್ (ಕ್ಯಾಮ್‌ನ ಒತ್ತನ್ನು ಮೇಲಿನ ವಾಲ್ವ್ ಕಡೆ ಮುಟ್ಟಿಸುವ ಉದ್ದ ಕಡ್ಡಿ) ಎಂಜಿನ್‌ಗೂ ಇದೇ ಕ್ರಮವಾ?

ಬಹಳ ಬೇರೆ. ಅಲ್ಲಿ ಕ್ಯಾಪ್ ಇಲ್ಲ. ಪುಶ್‌ರಾಡ್, ಟ್ಯಾಪೆಟ್ ತೆಗೆದು, ಮುಂದಿನ ಕವರ್ ಮತ್ತು ಚೈನ್ ಬಿಚ್ಚಿ, ಹಿಡಿಕೆ ಪ್ಲೇಟ್ ತೆಗೆದು ಶಾಫ್ಟನ್ನು ಮುಂದಕ್ಕೆ ಎಳೆಯಬೇಕು. ಕಾರಿನಲ್ಲೇ ಮಾಡುವುದಾದರೆ ರೇಡಿಯೇಟರ್ ಹೊರಗೆ ಬರಬೇಕಾಗುತ್ತದೆ. ಮುಂದಿನ ತೂತಿಗೆ ಉದ್ದ ಬೋಲ್ಟ್ ಹಾಕಿ ಅದನ್ನೇ ಹಿಡಿಯಾಗಿ ಮಾಡಿಕೊಳ್ಳಿ. ತಿರುಗಿಸುತ್ತಾ, ಎತ್ತಿ ಹಿಡಿದು ಎಳೆದರೆ ಮೂಗುಗಳು ಬೇರಿಂಗ್ ಕೆರೆಯುವುದಿಲ್ಲ.

ಚಪ್ಪಟೆ ಟ್ಯಾಪೆಟ್ಟಿನ ಎಂಜಿನ್‌ಗೆ ಹೊಸ ಕ್ಯಾಮ್ ಹಾಕಿದರೆ ಟ್ಯಾಪೆಟ್ಟೂ ಹೊಸದೇ ಹಾಕಬೇಕು. ಶುರುವಾದ ಕೂಡಲೇ ಐಡ್ಲಿಂಗ್‌ಗೆ ಬಿಡದೆ ನಿಮಿಷಕ್ಕೆ ಸುಮಾರು 2,000 ಸುತ್ತಿನಲ್ಲಿ 20 ನಿಮಿಷ ಓಡಿಸುವುದು ವಾಡಿಕೆ. ಐಡ್ಲಿಂಗ್‌ನಲ್ಲಿ ಕ್ಯಾಮ್ ಮೇಲೆ ಎಣ್ಣೆ ಸಾಕಷ್ಟು ಸಿಡಿಯುವುದಿಲ್ಲ.

ಎಲ್ಲಾ ಮುಗಿದ ಮೇಲೆ ಒಂದು 6 ಎಂಎಂ ಬೋಲ್ಟ್ ಉಳಿದಿದೆ. ಎಂಜಿನ್ ಚೆನ್ನಾಗಿಯೇ ಓಡುತ್ತಿದೆ. ಬಿಡಲಾ?

ಬಂದ್ ಮಾಡಿ, ತಣ್ಣಗಾದ ಮೇಲೆ ಹೆಡ್ ಕವರ್ ಮತ್ತೆ ತೆಗೆಯಿರಿ. ಕತ್ತರಿ ಗೇರ್ ಇರುವ ಎಂಜಿನ್ ಆಗಿದ್ದು, ನೀವು ಗೇರಿಗೆ ಹಾಕಿ ತೆಗೆದ ಬೋಲ್ಟ್ ಅದೇ ಆಗಿದ್ದರೆ ಉಳಿಯಲೇಬೇಕಾದ ಬೋಲ್ಟ್ ಅದು. ಅಲ್ಲದಿದ್ದರೆ ಯಾವುದೋ ಕ್ಯಾಪ್ ಒಂದೇ ಬೋಲ್ಟ್ ಮೇಲೆ ಕೂತಿರಬಹುದು.